ಹೆಸರಿಡದ ಮಗುವಿಗೂ ಒಂದು ಚೀಟಿ



ನವೆಂಬರ್ 2 ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಅದಕ್ಕೆ ಒಂದು ವಾರ ಮುಂಚೆಯೇ ದೇವಾಲಯದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತೇವೆ. ಅಗಲಿದವರ ಹೆಸರು ಬರೆದ ಚೀಟಿಗಳನ್ನು ಜನ ಅದರಲ್ಲಿ ಹಾಕುತ್ತಾರೆ. ಅಂದಿನ ಬಲಿಪೂಜೆಯಲ್ಲಿ ಅವನ್ನು ಓದಿ ಪ್ರಾರ್ಥಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಹೊಸದುರ್ಗದ ಕಡೆಯ ತಾಯಿಯೊಬ್ಬಳು ಖಾಲಿ ಚೀಟಿ ಹಿಡಿದುಕೊಂಡು ಆ ಪೆಟ್ಟಿಗೆಯ ಮುಂದೆ ನಿಂತಿದ್ದಳು. "ಫಾದರ್, ಹೆಸರು ಇಡದೆ ಇರೋ ಮಗೂಗೂ ಬರೀಬಹುದಾ?" ಎಂದು ಕೇಳಿದಳು. ಐದನೇ ತಿಂಗಳಲ್ಲಿ ಬಸಿರು ನಿಲ್ಲದೆ ಹೋಗಿತ್ತು. ನಾನು ಅವಸರದಲ್ಲಿದ್ದೆ. "ಅದು ಆಗಲೇ ದೇವದೂತನಾಗಿದೆಯಮ್ಮ, ಅದಕ್ಕೆ ಪ್ರಾರ್ಥನೆ ಯಾಕೆ? ಅಳಬೇಡ, ದೇವರು ಇನ್ನೊಂದು ಕೊಡ್ತಾನೆ" ಎಂದುಬಿಟ್ಟೆ. ಆಕೆ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಮನುಷ್ಯರು ದೇವದೂತರಾಗುವುದಿಲ್ಲವೆಂದು ನಾನು ಸೆಮಿನರಿಯಲ್ಲೇ ಕಲಿತಿದ್ದೆ. ಆ ತಪ್ಪು ಹಾಗಿರಲಿ. ದೊಡ್ಡ ತಪ್ಪು ಗೊತ್ತಾದದ್ದು ಮೂರು ತಿಂಗಳ ಮೇಲೆ, ಆಕೆಯ ಗಂಡ ಬಂದಾಗ. "ರಾತ್ರಿ ನಿದ್ದೆ ಮಾಡಲ್ಲ ಫಾದರ್. ಒಲೆ ಹಚ್ಚಲ್ಲ. ನಾನೇ ಕೊಂದೆ, ನಾನೇ ಕೊಂದೆ ಅಂತಾಳೆ" ಎಂದರು. ಅವರ ಮನೆಗೆ ಹೋದೆ. ಆಕೆ ಟ್ರಂಕಿನಿಂದ ಆಸ್ಪತ್ರೆಯ ಕಾಗದವನ್ನು ತೆಗೆದು ನನ್ನ ಮುಂದಿಟ್ಟು ಒಂದು ಪದದ ಮೇಲೆ ಬೆರಳಿಟ್ಟಳು. ಇಂಗ್ಲಿಷ್ ಅಕ್ಷರಗಳಲ್ಲಿ 'ಅಬಾರ್ಷನ್' ಎಂದು ಬರೆದಿತ್ತು. "ನೀವು ಪೂಜೆಯಲ್ಲಿ ಮಹಾಪಾಪ ಅಂತ ಹೇಳ್ತೀರಲ್ಲ, ಇದು ಅದೇ ಅಲ್ವಾ ಫಾದರ್?"

ನನಗೆ ಮಾತು ಹೊರಡಲಿಲ್ಲ.

ಗರ್ಭ ತಾನಾಗಿ ಇಳಿದರೂ, ಬೇಕೆಂದು ತೆಗೆಸಿದರೂ ವೈದ್ಯರು ಬಳಸುವ ಪದ ಒಂದೇ. ನಮ್ಮ 'ಗರ್ಭಪಾತ'ದ ಪಾಡೂ ಅದೇ. ಗರ್ಭಸ್ರಾವ ಎಂಬ ಬೇರೆ ಪದವಿದ್ದರೂ ಹೊಳಲ್ಕೆರೆಯ ಸಂತೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಜೀವದ ಪಾವಿತ್ರ್ಯದ ಬಗ್ಗೆ ನಾನು ಎಷ್ಟೋ ಪ್ರಬೋಧನೆ ಮಾಡಿದ್ದೇನೆ. ಹೇಳಿದ್ದರಲ್ಲಿ ತಪ್ಪಿಲ್ಲ, ಮುಂದೆಯೂ ಹೇಳುತ್ತೇನೆ. ಆದರೆ ಹಂಬಲಿಸಿದ ಮಗುವನ್ನು ಕಳೆದುಕೊಂಡವರೂ ಅದೇ ಬೆಂಚುಗಳಲ್ಲಿ ಕುಳಿತಿರುತ್ತಾರೆಂದು, ಆ ಮಾತು ಅವರ ಎದೆಗೂ ತಾಗುತ್ತದೆಂದು ಯೋಚಿಸಿರಲಿಲ್ಲ. (ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವಾದವನು ಆಡುವಂತಿಲ್ಲ. ಇದು ಅವರ ಮನೆಯ ಜಗಲಿಯಲ್ಲಿ ನಡೆದ ಮಾತು. ಬರೆಯಲು ಆಕೆಯೇ ಒಪ್ಪಿದ್ದಾಳೆ.)

ಮಹಾಪಾಪವಾಗಲು ಪೂರ್ಣ ಅರಿವು ಬೇಕು, ಮನಃಪೂರ್ವಕವಾದ ಒಪ್ಪಿಗೆ ಬೇಕು. ತಾನಾಗಿ ಇಳಿದ ಬಸಿರಿನಲ್ಲಿ ಎರಡೂ ಇಲ್ಲ. ವೈದ್ಯಶಾಸ್ತ್ರ ಹೇಳುವುದನ್ನೂ ಕೇಳಿ: ತಿಳಿದುಬಂದ ಬಸಿರುಗಳಲ್ಲಿ 100ಕ್ಕೆ 10ರಿಂದ 15 ಹೀಗೆ ಕಳೆದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಶೇಂಗಾ ಹೊಲದಲ್ಲಿ ಬಗ್ಗಿ ಕೆಲಸ ಮಾಡಿದ್ದರಿಂದಾಗಲಿ, ಯಾರದೋ ದೃಷ್ಟಿ ತಾಗಿದ್ದರಿಂದಾಗಲಿ ಆ ದೋಷ ಬರುವುದಿಲ್ಲ. ತಡವಾಗಿ ಹೋದದ್ದಕ್ಕೆ ಬೇರೆ ಕಾರಣಗಳಿರಬಹುದು. ಅದನ್ನು ವೈದ್ಯರೇ ಹೇಳಬೇಕು, ಅತ್ತೆಯಲ್ಲ.

ಇನ್ನೊಂದು ಸಂಗತಿ ಗುರುಗಳಾದ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಾದಿಯಾಗಿ ದುಡಿದ ಕನ್ಯಾಸ್ತ್ರೀಯೊಬ್ಬರಿಂದ ತಿಳಿದುಕೊಂಡೆ. ನಾಲ್ಕೈದು ತಿಂಗಳು ದಾಟಿದ ಮೇಲೆ ಮಗು ಹೋದರೂ ತಾಯಿಗೆ ಎದೆಹಾಲು ಇಳಿಯಬಹುದಂತೆ. ತೊಟ್ಟಿಲು ಖಾಲಿ, ಕುಪ್ಪಸ ಒದ್ದೆ. ಆ ಹೊತ್ತಿನಲ್ಲಿ "ಇನ್ನೂ ವಯಸ್ಸೈತೆ ಬಿಡವ್ವ, ಬರೋ ವರ್ಷ ಇನ್ನೊಂದು ಆಗ್ತೈತೆ" ಎಂದರೆ ಆಕೆಗೆ ಹೇಗಾಗಬೇಡ? ಗಂಡ ತೀರಿಕೊಂಡವಳಿಗೆ ನಾವು ಹಾಗೆ ಹೇಳುತ್ತೇವೆಯೇ?

ನಮ್ಮ ಸಮಾಧಾನದ ಮಾತುಗಳು ನಿಜಕ್ಕೂ ಯಾರ ಸಮಾಧಾನಕ್ಕೆ ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ಆಕೆಯ ಅಳು ನಮ್ಮಿಂದ ತಡೆಯಲಾಗದು. ಅದು ಬೇಗ ನಿಲ್ಲಲೆಂದು ಸ್ವರ್ಗವನ್ನು ಕರೆಯುತ್ತೇವೆ, ಮುಂದಿನ ಮಗುವನ್ನು ಕರೆಯುತ್ತೇವೆ. ಯೇಸುಸ್ವಾಮಿ ಹಾಗೆ ಮಾಡಲಿಲ್ಲ. ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುವೆನೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮರಿಯಳ ಕಣ್ಣೀರನ್ನು ಕಂಡು ಮೊದಲು ತಾವೇ ಅತ್ತರು. ಪುನರುತ್ಥಾನದ ಭರವಸೆ ಅಳುವನ್ನು ಅಡಗಿಸುವ ಸಾಧನವಾಗಿದ್ದರೆ ಸಮಾಧಿಯ ಮುಂದೆ ಆ ಕಣ್ಣೀರಿಗೆ ಅರ್ಥವೇ ಇರುತ್ತಿರಲಿಲ್ಲ.

2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದಾಗ ಹಸುಗೂಸು ತೀರಿಕೊಂಡಿತು. ನಮ್ಮ ಹಿರಿಯೂರು, ಚಿತ್ರದುರ್ಗದ ಹಟ್ಟಿಗಳಲ್ಲೂ ಈ ಪದ್ಧತಿ ಇದ್ದದ್ದನ್ನು ನಾವೆಲ್ಲ ಬಲ್ಲೆವು. ಆ ಸುದ್ದಿ ಓದಿ ಮರುಗಿದೆವು, 'ಸದ್ಯ, ನಮ್ಮಲ್ಲಿ ಹಾಗಿಲ್ಲ' ಎಂದೂ ಅಂದುಕೊಂಡೆವು. ನಮ್ಮಲ್ಲಿ ಗುಡಿಸಲು ಇಲ್ಲ, ನಿಜ. ಆದರೆ ಮಗು ಕಳೆದುಕೊಂಡವಳನ್ನು ಬೇರೆಯವರ ಸೀಮಂತಕ್ಕೆ ಕರೆಯುವುದಿಲ್ಲ. ಹಸುಗೂಸನ್ನು ಆಕೆಯ ಕೈಗೆ ಕೊಡಲು ಹಿಂಜರಿಯುತ್ತೇವೆ. ಆಕೆ ಬಂದರೆ ಮಾತು ಬದಲಿಸುತ್ತೇವೆ.

ಇನ್ನು ಆಕೆಯ ಪ್ರಶ್ನೆಗೆ ಬರುತ್ತೇನೆ. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ಗತಿಯೇನು? ಸಂತ ಅಗಸ್ಟೀನರಿಗೆ ಇದರ ಉತ್ತರ ಕಠಿಣವಾಗಿ ಕಂಡಿತು. ಮಧ್ಯಯುಗದ ಪಂಡಿತರು 'ಲಿಂಬೊ' ಎಂಬ ಸ್ಥಿತಿಯನ್ನು ಊಹಿಸಿದರು. ನಮ್ಮ ಅಜ್ಜಿಯರು ಅದನ್ನು ಕೇಳಿ ಹೆದರಿದರು. ಆದರೆ ಧರ್ಮಸಭೆ ಅದನ್ನು ವಿಶ್ವಾಸಸತ್ಯವೆಂದು ಎಂದೂ ಘೋಷಿಸಲಿಲ್ಲ. 1992ರ ಧರ್ಮೋಪದೇಶ ಗ್ರಂಥ ಈ ಶಿಶುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗದ ಬರಹವು, ಇವರು ರಕ್ಷಣೆ ಹೊಂದುವರೆಂದು ನಂಬಿ ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎನ್ನುತ್ತದೆ. ಜ್ಞಾನಸ್ನಾನ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದು ಮಗು ಅದಕ್ಕೆ ಮುಂಚೆ ತೀರಿಕೊಂಡರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯಸಂಸ್ಕಾರ ನೀಡಬಹುದೆಂದು 1983ರ ಧರ್ಮಸಭೆಯ ಕಾನೂನಿನಲ್ಲೇ ಇದೆ. ಚೀಟಿ ಬರೆಯಬಹುದೇ ಎಂದು ಆಕೆ ಕೇಳಿದಾಗ 'ಬರೆಯಮ್ಮ' ಎಂಬ ಒಂದೇ ಮಾತು ಸಾಕಾಗಿತ್ತು.

ಆದರೆ ಆ ಜಗಲಿಯಲ್ಲಿ ಕುಳಿತಾಗ ದೈವಶಾಸ್ತ್ರವಷ್ಟೇ ಸಾಲದಾಗಿತ್ತು. ದುಃಖ ಕಾಯಿಲೆಯಲ್ಲ, ಅದಕ್ಕೆ ಸಮಯ ಬೇಕು, ಜೊತೆ ಬೇಕು. ಆದರೆ ಎರಡು ವಾರ ಮೀರಿಯೂ ನಿದ್ದೆ, ಊಟ, ಕೆಲಸ ಯಾವುದೂ ಇಲ್ಲದೆ, 'ನನ್ನದೇ ತಪ್ಪು, ನಾನು ಇರಬಾರದು' ಎಂಬ ಮಾತು ಬರುತ್ತಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಔಷಧವಿದೆ. "ಪ್ರಾರ್ಥನೆ ಕಡಿಮೆಯಾಯಿತು, ಅದಕ್ಕೇ ಹೀಗೆ" ಎನ್ನುವವರು ಪ್ರವಾದಿ ಎಲೀಯನ ಕಥೆಯನ್ನು ಮತ್ತೆ ಓದಲಿ. ಸಾವನ್ನು ಬೇಡಿ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ಮತ್ತೆ ಮಲಗಿದಾಗ ಬೈಯಲಿಲ್ಲ, ಎಬ್ಬಿಸಿ ಇನ್ನೊಮ್ಮೆ ಉಣಿಸಿದ.

ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದ್ದರಿಂದ ಮೊದಲ ಹೆಜ್ಜೆಗೇ ಬೆಂಗಳೂರಿಗೆ ಓಡಬೇಕಿಲ್ಲ. ಮನೋವೈದ್ಯರು ಎಲ್ಲಿ, ಯಾವ ದಿನ ಸಿಗುತ್ತಾರೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರಿಂದ ಇರುವ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಪ್ರಾಣ ಕಳೆದುಕೊಳ್ಳುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೌಕರಿಯಲ್ಲಿರುವವರಿಗೆ ಇನ್ನೊಂದು ಮಾತು. ಗರ್ಭಸ್ರಾವವಾದ ಮಹಿಳೆಗೆ 1961ರ ಕಾಯ್ದೆ ಕೊಟ್ಟಿದ್ದ ಆರು ವಾರಗಳ ಸಂಬಳಸಹಿತ ರಜೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಕೂಲಿಗೆ ಹೋಗುವವಳಿಗೆ ಆ ಭಾಗ್ಯವಿಲ್ಲ. ಆಕೆಯ ಪಾಲಿನ ಆರು ವಾರ ನೆರೆಹೊರೆಯವರಾದ ನಾವೇ ಆಗಬೇಕು: ಮುದ್ದೆ ಸಾರು ಮಾಡಿ ಕೊಡುವುದು, ನೀರು ತುಂಬಿಡುವುದು. ಗಂಡನನ್ನೂ "ನೀನು ಹೇಗಿದ್ದೀಯಪ್ಪ?" ಎಂದು ಕೇಳಿ. ಆತನನ್ನು ಯಾರೂ ಕೇಳಿರುವುದಿಲ್ಲ.

ಆ ತಾಯಿ ಕೆಲವು ತಿಂಗಳು ಮಾತ್ರೆ ತೆಗೆದುಕೊಂಡಳು. ಎರಡು ಸಲ ಬಿಟ್ಟಳು, ಗಂಡ ಮತ್ತೆ ಕರೆದುಕೊಂಡು ಹೋದರು. ಮರುವರ್ಷದ ಪೆಟ್ಟಿಗೆಯಲ್ಲಿ 'ನಮ್ಮ ಮಗು' ಎಂದಷ್ಟೇ ಬರೆದ ಚೀಟಿ ಇತ್ತು. ಓದಿದೆ. ಪೂಜೆ ಮುಗಿದ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, "ನಂದೂ ಎರಡು ಬರ್ಕೊಳ್ಳಿ ಸ್ವಾಮಿ, ಐವತ್ತು ವರ್ಷ ಆತು" ಎಂದರು.

ಈ ವರ್ಷವೂ ಪೆಟ್ಟಿಗೆ ಇಡುತ್ತೇವೆ. ಬರೆಯಲು ಬಾರದವರು ಪೂಜೆಗೆ ಮುಂಚೆ ಬಂದು ಹೇಳಿದರೆ ನಾನೇ ಬರೆದುಕೊಳ್ಳುತ್ತೇನೆ.