ನೀಲಿ ಅಂಕಿ, ಕಪ್ಪು ಅಂಕಿ

ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಎರಡು ತಿಂಗಳು ಇಂಟರ್ನ್ ಆಗಿದ್ದ ಹುಡುಗಿ ಕನ್ಸಲ್ಟಿಂಗ್ ಕಡೆ ಹೊರಟರೆ, ಕೆಲಸದ ಹೊರೆ ತಾಳಲಾರದೆ ಓಡಿದಳು ಎಂದೇ ಜನ ತಿಳಿಯುತ್ತಾರೆ. ನಿದ್ದೆಗೋಸ್ಕರ ಹೊರಟವರಿಗೆ ಅಲ್ಲೂ ನಿದ್ದೆ ಸಿಗುವುದಿಲ್ಲ.

*

2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ತನ್ನ ಬೇಸಿಗೆ ಇಂಟರ್ನ್‌ಗಳಿಗೆ ಒಂದು ನಿಯಮ ಮಾಡಿತು: ಮಧ್ಯರಾತ್ರಿಯೊಳಗೆ ಆಫೀಸು ಬಿಡಿ, ಬೆಳಗ್ಗೆ ಏಳಕ್ಕೆ ಮೊದಲು ಬರಬೇಡಿ. ಹದಿನೇಳು ಗಂಟೆಯ ದಿನವನ್ನು ರಿಯಾಯಿತಿ ಎಂದು ಕೊಡಬಲ್ಲ ಉದ್ಯಮ ಬೇರೆ ಯಾವುದಿದ್ದೀತು?

*

ಬ್ಯಾಂಕರ್‌ಗಳ ಎಕ್ಸೆಲ್ ಹಾಳೆಗೊಂದು ಸಂಪ್ರದಾಯವಿದೆ. ಕೈಯಾರೆ ತುಂಬಿದ ಅಂಕಿ ನೀಲಿ, ಸೂತ್ರದಿಂದ ಇಳಿದು ಬಂದದ್ದು ಕಪ್ಪು. ಇಂಟರ್ನ್ ರಾತ್ರಿಯೆಲ್ಲ ಕಪ್ಪು ಅಂಕಿಗಳನ್ನು ತಾಳೆ ನೋಡುತ್ತಾನೆ. ಆದರೆ ಆಟ ಇರುವುದು ನೀಲಿಯಲ್ಲಿ. ಒಂದು ಕಂಪನಿಗೆ ಮುಂದಿನ ವರ್ಷ 100 ಕೋಟಿ ನಗದು ಬರುತ್ತದೆ ಎಂದಿಟ್ಟುಕೊಳ್ಳಿ. ಡಿಸ್ಕೌಂಟ್ ದರ ಶೇ. 12, ಕೊನೆಯಿಲ್ಲದ ಬೆಳವಣಿಗೆ ಶೇ. 4 ಎಂದು ಹಾಕಿದರೆ ಬೆಲೆ 1,250 ಕೋಟಿ. ನಾಲ್ಕನ್ನು ಅಳಿಸಿ ಐದು ಮಾಡಿದರೆ ಸುಮಾರು 1,430 ಕೋಟಿ. ಒಂದೇ ಒಂದು ಕೀಲಿ, ನೂರೆಂಬತ್ತು ಕೋಟಿ! 'ಈ ಐದನ್ನು ಬರೆದವರು ಯಾರು, ಯಾವ ಆಧಾರದ ಮೇಲೆ?' ಎಂದು ಕೇಳಬೇಕೆನ್ನಿಸಿದ ರಾತ್ರಿಯೇ ಇಂಟರ್ನ್ ಅರ್ಧ ಆಚೆ ದಾಟಿರುತ್ತಾನೆ.

*

ಡೀಲ್ ಕುದುರಿದರೆ ಮಾತ್ರ ಬ್ಯಾಂಕಿಗೆ ದೊಡ್ಡ ಫೀ. 'ಈ ಕಂಪನಿ ಕೊಳ್ಳಬೇಡಿ' ಎನ್ನುವ ಸ್ಲೈಡ್ ಅಲ್ಲಿ ಕಾಣುವುದು ಅಪರೂಪ. ಕನ್ಸಲ್ಟಿಂಗ್‌ನ ಸಲಹೆಗಾರ 'ಬೇಡ' ಎಂದರೂ ಅವನ ಬಿಲ್ ಪಾಸಾಗುತ್ತದೆ. ಪ್ರಾಮಾಣಿಕತೆ ಹುಟ್ಟುಗುಣ ಎನ್ನುತ್ತೇವೆ. ಎಷ್ಟೋ ಸಲ ಅದು ಬಿಲ್ಲಿನ ಕರಾರಿನಿಂದ ಬಂದಿರುತ್ತದೆ.

*

ಹಾಗಂತ ಸಲಹೆಗಾರರೇನೂ ಸಂತರಲ್ಲ. ಎಷ್ಟೋ ಕಡೆ ಸಾಹೇಬರು ಮೊದಲೇ ತೀರ್ಮಾನ ಮಾಡಿ ಆಗಿರುತ್ತದೆ. ಅದಕ್ಕೆ ಹೊರಗಿನವರದೊಂದು ಮುದ್ರೆ ಬೇಕಿರುತ್ತದೆ, ಅಷ್ಟೆ.

*

ಬ್ಯಾಂಕಿನಿಂದ ಕನ್ಸಲ್ಟಿಂಗ್‌ಗೆ ಹೋಗುವ ಈ ದಾರಿ ಸವೆದ ದಾರಿಯೇ. ಅಮೆರಿಕದಲ್ಲಿ 1933ರ ಗ್ಲಾಸ್–ಸ್ಟೀಗಲ್ ಕಾಯ್ದೆ ಬಂದ ಮೇಲೆ, ಬ್ಯಾಂಕುಗಳ ಒಳಗೆ ನಡೆಯುತ್ತಿದ್ದ ಕಂಪನಿ ಪರಿಶೀಲನೆಯ ಕೆಲಸ ಹೊರಗಿನ ಸಲಹಾ ಸಂಸ್ಥೆಗಳ ಪಾಲಾಯಿತು, ಆ ವೃತ್ತಿ ಬೆಳೆದದ್ದೇ ಹಾಗೆ ಎಂದು ಇತಿಹಾಸಕಾರ ಕ್ರಿಸ್ಟೋಫರ್ ಮೆಕೆನ್ನಾ ವಾದಿಸುತ್ತಾರೆ. ಅಂದರೆ ಹುಡುಗರಿಗಿಂತ ಮೊದಲು ಕೆಲಸವೇ ಬ್ಯಾಂಕ್ ಬಿಟ್ಟು ಬಂದಿತ್ತು.

*

ಮದುವೆ ದಲ್ಲಾಳಿಗೆ ತಾಳಿ ಕಟ್ಟಿದ ಗಳಿಗೆಗೆ ಕೆಲಸ ಮುಗಿಯಿತು. ಒಂದೇ ಒಲೆಯ ಮುಂದೆ ಇಬ್ಬರು ಅತ್ತೆಯಂದಿರು ನಿಂತಾಗ ಕರೆ ಹೋಗುವುದು ಬೇರೆಯವರಿಗೆ.

*

ವಿಜಯಾ ಬ್ಯಾಂಕಿನ 1000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402. ವಿಲೀನ ಎಂದರೆ ಹಾಳೆಯ ಮೇಲೆ ಇಷ್ಟೇ. 2019ರ ಏಪ್ರಿಲ್ 1ರಂದು, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕಿನ ಹೆಸರು ಇಲ್ಲವಾಯಿತು. ಆಮೇಲೆ ಉಳಿದದ್ದೇ ನಿಜವಾದ ಕೆಲಸ: ಎರಡು ಕಡೆಯ ಸಾಫ್ಟ್‌ವೇರ್ ಒಂದು ಮಾಡುವುದು, ಎದುರುಬದುರಾದ ಎರಡು ಶಾಖೆಗಳಲ್ಲಿ ಯಾವುದನ್ನು ಮುಚ್ಚಬೇಕೆಂದು ನೋಡುವುದು, ಇಬ್ಬರು ಮ್ಯಾನೇಜರುಗಳಲ್ಲಿ ಒಬ್ಬರನ್ನು ಕೂರಿಸುವುದು, ಹಳೆಯ ಪಾಸ್‌ಬುಕ್ ಹಿಡಿದು ಬಂದ ಅಡಿಕೆ ಬೆಳೆಗಾರರಿಗೆ ಹೊಸ ಐಎಫ್‌ಎಸ್‌ಸಿ ಕೋಡ್ ವಿವರಿಸುವುದು. ಬ್ಯಾಂಕರ್‌ಗಳ ಎಕ್ಸೆಲ್ ಮಾಡೆಲ್‌ನಲ್ಲಿ ಇದಕ್ಕೆಲ್ಲ ಸೇರಿ 'ಸಿನರ್ಜಿ' ಎಂದು ಒಂದೇ ಸಾಲು. ಆ ಸಾಲನ್ನು ಟೈಪ್ ಮಾಡಿದವರು ಒಮ್ಮೆಯಾದರೂ ಅದರೊಳಗೆ ಹೊಕ್ಕು ಬರಬೇಕು.

*

ಕನ್ಸಲ್ಟಿಂಗ್ ಇಂಟರ್‌ವ್ಯೂನಲ್ಲಿ ಕೇಳುತ್ತಾರೆ: ಬೆಂಗಳೂರಿನ ದರ್ಶಿನಿಗಳಲ್ಲಿ ದಿನಕ್ಕೆ ಎಷ್ಟು ಕಾಫಿ ಖರ್ಚಾಗುತ್ತದೆ? ಬ್ಯಾಂಕಿನಿಂದ ಬಂದವರಿಗೆ ಎರಡು ದಶಾಂಶ ಸ್ಥಾನದವರೆಗೆ ಉತ್ತರ ಬೇಕು; ಸಿಗದಿದ್ದರೆ ಕೈ ಬೆವರುತ್ತದೆ. ಇಲ್ಲಿ ಅಂದಾಜು ಲಕ್ಷಗಳಲ್ಲಿದ್ದರೂ ಸಾಕು, ಅಲ್ಲಿಗೆ ಹೇಗೆ ಬಂದಿರಿ ಎಂಬುದು ಮುಖ್ಯ. ಬೈಟು ಕಾಫಿಯನ್ನು ಒಂದು ಎಂದು ಎಣಿಸಬೇಕೋ ಎರಡೋ ಎಂದು ಮೊದಲು ಕೇಳಿದವಳನ್ನು ನಾನಾಗಿದ್ದರೆ ಅಲ್ಲೇ ಆರಿಸಿಬಿಡುತ್ತಿದ್ದೆ.

*

'ಬ್ಯಾಂಕಿಂಗ್ ಯಾಕೆ ಬಿಟ್ಟೆ?' ಎಂದರೆ ಹಳೆಯ ಆಫೀಸನ್ನು ಬೈಯುವವರು ಹೊಸ ಆಫೀಸಿಗೆ ತಮ್ಮ ಮುಂದಿನ ಉತ್ತರವನ್ನೂ ಈಗಲೇ ಕೇಳಿಸಿರುತ್ತಾರೆ.

*

ಇಂಟರ್ನ್‌ಶಿಪ್ ಮುಗಿಯುತ್ತಲೇ ಕೈಗೆ ಬಂದ ಕೆಲಸದ ಆಫರ್ (ಪಿಪಿಒ) ಬಿಡುವುದು ಧೈರ್ಯ ಅಲ್ಲ. ಬಿಟ್ಟದ್ದನ್ನು ಅಪ್ಪನಿಗೆ ಫೋನ್ ಮಾಡಿ ಹೇಳುವುದು ಧೈರ್ಯ.

*

ಬ್ಯಾಂಕಿನಲ್ಲಿದ್ದಾಗ ಚಿಕ್ಕಪ್ಪ ಕೇಳಿದ್ದು: 'ಯಾವ ಬ್ರಾಂಚಮ್ಮಾ? ಒಂದು ಹೋಮ್ ಲೋನ್ ನೋಡು.' ಕನ್ಸಲ್ಟಿಂಗ್ ಎಂದ ಮೇಲೆ: 'ಸಲಹೆನಾ? ನಿನಗಿನ್ನೂ ಇಪ್ಪತ್ತಮೂರು, ಯಾರಿಗೆ ಕೊಡ್ತೀಯ?' ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸವೆಸಿದ ಫೋರ್‌ಮನ್ನೂ ಇದನ್ನೇ ಕೇಳುತ್ತಾನೆ, ಬಾಯಿಬಿಟ್ಟು ಅಲ್ಲ. ಚಿಕ್ಕಪ್ಪನಿಗೆ ನಕ್ಕು ಮಾತು ಮರೆಸಬಹುದು. ಫೋರ್‌ಮನ್ ಎದುರು ಲ್ಯಾಪ್‌ಟಾಪ್ ಮುಚ್ಚಿ, ಯಾವ ಪಾಳಿಯಲ್ಲಿ ಯಾವ ಮೆಷಿನ್ ಹೆಚ್ಚು ನಿಲ್ಲುತ್ತದೆ ಸಾರ್, ಎಂದು ಕೇಳಿ ಬರೆದುಕೊಳ್ಳಬೇಕು.