ಉಳಿದ ಆ ಒಂದು ಗಂಟೆ ಯಾರ ಪಾಲು?

ಟೆಕ್ಸಸ್‌ನ ಕನ್ನಡ ಮನೆಗಳಲ್ಲಿ ಈಗ ನಾಲ್ಕು ಜನ ಸೇರಿದರೆ ಮಳೆ-ಬೆಳೆಯ ಮಾತಿಗಿಂತ ಮೊದಲು ಬರುವ ಪ್ರಶ್ನೆ, "ನಿಮಗೆ ವಾರಕ್ಕೆ ಎಷ್ಟು ದಿನ ಆಫೀಸು?" ಎನ್ನುವುದು. 2022ರಲ್ಲೇ ಆಸ್ಟಿನ್‌ನ ಟೆಸ್ಲಾ ವಾರಕ್ಕೆ ಕನಿಷ್ಠ 40 ಗಂಟೆ ಆಫೀಸಿನಲ್ಲಿರಬೇಕು ಎಂದಿತು. 2025ರ ಜನವರಿಯಿಂದ ಡಾಲಸ್‌ನ ಎಟಿ ಅಂಡ್ ಟಿ, ಮಾರ್ಚ್‌ನಿಂದ ರೌಂಡ್ ರಾಕ್‌ನ ಡೆಲ್ ಐದೂ ದಿನ ಬರಲು ಹೇಳಿದವು. ಡೆಲ್‌ನಲ್ಲಿ ಇದು ಆಫೀಸಿಗೆ ಹತ್ತಿರವಿರುವವರಿಗೆ. ಇನ್ನೂ ಎಷ್ಟೋ ಕಡೆ ಮೂರು ದಿನ ಅಲ್ಲಿ, ಎರಡು ದಿನ ಇಲ್ಲಿ.

ಮನೆಯೋ ಆಫೀಸೋ ಎಂಬ ಚರ್ಚೆಯಲ್ಲಿ ಎಲ್ಲರೂ ಒಪ್ಪಿಸುವ ಪಟ್ಟಿ ಒಂದೇ. ಮನೆಯಲ್ಲಿದ್ದರೆ ಪೆಟ್ರೋಲು, ಟೋಲು, ಮಧ್ಯಾಹ್ನದ ಊಟದ ಖರ್ಚು ಉಳಿಯುತ್ತದೆ. ಆಫೀಸಿಗೆ ಹೋದರೆ ಮ್ಯಾನೇಜರ್ ಕಣ್ಣಿಗೆ ಬೀಳುತ್ತೇವೆ. ಈ ಪಟ್ಟಿಯ ಮೇಲೆ ನನ್ನ ತಕರಾರು ಒಂದೇ: ಅದರಲ್ಲಿ ಇರುವುದು ಒಬ್ಬರು ಮಾತ್ರ, ಕೆಲಸ ಮಾಡುವವರು. ಅವರ ಸುತ್ತ ಒಂದು ಮನೆ ಇದೆ, ಒಂದು ಟೀಮ್ ಇದೆ. ಅವರೆಲ್ಲರ ಲಾಭ-ನಷ್ಟವನ್ನೂ ಸೇರಿಸದೆ ಹಾಕಿದ ಲೆಕ್ಕ ಅರ್ಧ ಲೆಕ್ಕ.

ಸಮಯದ ಉಳಿತಾಯವೂ ಸಣ್ಣದೇನಲ್ಲ. ಹ್ಯೂಸ್ಟನ್‌ನ ಕೇಟಿ ಫ್ರೀವೇ 2008ರಲ್ಲಿ ಅಗಲವಾದಾಗ ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಲೇನ್ ಆಯಿತು. ಆದರೂ ಬೆಳಿಗ್ಗೆ, ಸಂಜೆ ಗಾಡಿಗಳು ತೆವಳುತ್ತಲೇ ಇವೆ. ಆಸ್ಟಿನ್‌ನ ಐ-35ರ ಪಾಡನ್ನು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಫ್ರಿಸ್ಕೊದಿಂದ ಡಾಲಸ್ ಪೇಟೆಗೆ ಹೋಗಿಬರುವವರಿಗೆ ಮನೆಯಿಂದಲೇ ಕೆಲಸ ಮಾಡಿದರೆ ದಿನಕ್ಕೆ ಒಂದು ಗಂಟೆಯಾದರೂ ಉಳಿಯುತ್ತದೆ. ಆದರೆ ಆ ಗಂಟೆ ಎಲ್ಲಿ ಹೋಗುತ್ತಿದೆ? ಹೆಚ್ಚಿನ ಮನೆಗಳಲ್ಲಿ ಅದನ್ನು ಮತ್ತೆ ಕೆಲಸವೇ ನುಂಗಿಬಿಟ್ಟಿದೆ. ಬೆಂಗಳೂರಿನ ಟೀಮ್ ಜೊತೆ ಕೆಲಸ ಮಾಡುವವರನ್ನು ನೋಡಿ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. "ಹೇಗೂ ಮನೆಯಲ್ಲೇ ಇದ್ದೀನಲ್ಲ" ಎಂದು ಒಪ್ಪಿಕೊಂಡ ಒಂದು ಕಾಲ್ ನಾಲ್ಕಾಗುತ್ತದೆ. ಉಳಿದ ಗಂಟೆಯನ್ನು ಯಾರಿಗೆ ಕೊಡುತ್ತೇನೆಂದು ಮೊದಲೇ ಹೆಸರು ಹಿಡಿದು ಇಟ್ಟುಬಿಡಬೇಕು: ಮಗಳ ಈಜಿಗೆ, ಹೆಂಡತಿಯ ಜೊತೆಗಿನ ಕಾಫಿಗೆ, ಸ್ವಂತ ನಡಿಗೆಗೆ. ಹೆಸರಿಲ್ಲದ ಸಮಯ ಯಾರದ್ದೂ ಆಗುವುದಿಲ್ಲ.

ಊರಿನಿಂದ ಆರು ತಿಂಗಳಿಗೆಂದು ಅಪ್ಪ-ಅಮ್ಮ ಬಂದಿರುವ ಮನೆಗಳಲ್ಲಿ ಈ ವಿಷಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಗ ಮನೆಯಲ್ಲೇ ಇದ್ದಾನೆ, ಆದರೆ ಬಾಗಿಲು ಮುಚ್ಚಿದೆ. ಅಮ್ಮ ಮಿಕ್ಸಿ ಹಾಕುವ ಮುನ್ನ ಬಾಗಿಲ ಬಳಿ ಬಂದು ಕಿವಿಗೊಡುತ್ತಾರೆ, ಒಳಗೆ ಮಾತು ಕೇಳಿದರೆ ಚಟ್ನಿಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕುಕ್ಕರ್ ಕೂಗುವ ಹೊತ್ತಿಗೆ ಓಡಿ ಒಲೆ ಆರಿಸುತ್ತಾರೆ. ಅಪ್ಪನಿಗೆ ಕಾರಿಲ್ಲದೆ ಅಂಗಡಿಗೂ ಹೋಗುವಂತಿಲ್ಲ. ಜುಲೈನಲ್ಲಿ ಹೊರಗೆ 38 ಡಿಗ್ರಿ ಸೆಲ್ಸಿಯಸ್. ಮಗ ಆಫೀಸಿಗೆ ಹೋಗಿದ್ದರೆ "ಸಂಜೆ ಬರುತ್ತಾನೆ" ಎಂಬ ಸಮಾಧಾನವಾದರೂ ಇರುತ್ತಿತ್ತು. ಇಂಥ ಮನೆಗೆ ಬೇಕಾದ್ದು ದೊಡ್ಡ ತ್ಯಾಗವಲ್ಲ. ಬೆಳಿಗ್ಗೆ ಆ ದಿನದ ಮೀಟಿಂಗ್‌ಗಳ ಹೊತ್ತನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಹನ್ನೆರಡೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ಫೋನ್ ಕೋಣೆಯಲ್ಲೇ ಬಿಟ್ಟು ಅರ್ಧ ಗಂಟೆ ಅವರ ಜೊತೆ ಊಟಕ್ಕೆ ಕೂರಿ. ಮನೆಯಿಂದ ಕೆಲಸ ಮಾಡುವುದರ ನಿಜವಾದ ಭಾಗ್ಯ ಅದು. ಅದನ್ನೇ ಬಿಟ್ಟುಕೊಟ್ಟರೆ ಮನೆಯಲ್ಲಿದ್ದು ಏನು ಬಂತು?

ಗಂಡ-ಹೆಂಡತಿಯ ನಡುವೆಯೂ ಒಂದು ಮಾತು ಬಿಡಬೇಕು: "ನೀನು ಮನೇಲೇ ಇರ್ತೀಯಲ್ಲ." ಆ ಒಂದು ಮಾತಿನಿಂದ ಪಾತ್ರೆ, ಬಟ್ಟೆ, ಮೂರು ಗಂಟೆಯ ಸ್ಕೂಲ್ ಪಿಕಪ್, ಪ್ಲಂಬರ್ ಬಂದಾಗ ಬಾಗಿಲು ತೆಗೆಯುವುದು ಎಲ್ಲವೂ ಒಬ್ಬರ ತಲೆಗೆ ಬೀಳುತ್ತದೆ. ಅದು ಹೆಚ್ಚಾಗಿ ಯಾರ ತಲೆ ಎಂಬುದು ಎಲ್ಲರಿಗೂ ಗೊತ್ತು.

ಇನ್ನು ಆಫೀಸಿನ ಕಡೆಯ ಲೆಕ್ಕ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್ ಸೆಂಟರ್ ನೌಕರರ ಮೇಲೆ ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅವರಿಗೆ ಬಡ್ತಿ ಕಡಿಮೆ ಸಿಕ್ಕಿತು, ಒಂಟಿತನದಿಂದ ಆಫೀಸಿಗೇ ಮರಳಿದವರೂ ಇದ್ದರು. ಅದೇ ಕಂಪನಿಯ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆ. ಆಗ ಬಡ್ತಿಗೆ ಪೆಟ್ಟು ಬೀಳಲಿಲ್ಲ, ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ದೂರದಿಂದ ಓಡಾಡುವವರಲ್ಲಿ, ಹೆಂಗಸರಲ್ಲಿ ಇಳಿದದ್ದು ಎದ್ದು ಕಾಣುವಂತಿತ್ತು. ಟೆಕ್ಸಸ್‌ನ ದೂರಗಳನ್ನು ನೋಡಿದರೆ ಈ ಎರಡು-ಮೂರರ ಹಂಚಿಕೆಯೇ ನಮಗೆ ಹೊಂದುವಂಥದ್ದು ಎಂದು ನನ್ನ ಖಚಿತ ಅಭಿಪ್ರಾಯ.

ಆಫೀಸಿನ ದಿನಗಳನ್ನು ಮಾತ್ರ ಸುಮ್ಮನೆ ಹಾಜರಿ ಹಾಕಲು ಬಳಸಬಾರದು. ರಿಚರ್ಡ್‌ಸನ್‌ನ ಯುಟಿ ಡಾಲಸ್‌ನಲ್ಲಿ ಎಂಎಸ್ ಮುಗಿಸಿ, ಓಪಿಟಿ ಎಂಬ ಕೆಲಸದ ಪರವಾನಗಿಯ ಮೇಲೆ ಮೊದಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಆಫೀಸು ಬೇಕೇ ಬೇಕು. ಪಕ್ಕದಲ್ಲಿ ಕೂತವರು ಗ್ರಾಹಕನ ಸಿಟ್ಟನ್ನು ಹೇಗೆ ತಣಿಸಿದರು, ತಪ್ಪು ಹುಡುಕಲು ಮೊದಲು ಎಲ್ಲಿ ಕೈಹಾಕಿದರು ಎಂಬುದು ಝೂಮ್‌ನಲ್ಲಿ ಕಾಣುವುದಿಲ್ಲ. ಹಿರಿಯರೆಲ್ಲ ಮನೆಯಲ್ಲೇ ಉಳಿದರೆ ಈ ಮಕ್ಕಳು ಖಾಲಿ ಕುರ್ಚಿಗಳ ನಡುವೆ ಕೂತು ಏನು ಕಲಿಯಬೇಕು? ಹದಿನೈದು ವರ್ಷ ಅನುಭವ ಇರುವವರು ತಮಗೆ ಅನುಕೂಲವಾದ ದಿನವಲ್ಲ, ಹೊಸಬರು ಬರುವ ದಿನವೇ ಹೋಗಬೇಕು. ಹೋದ ಮೇಲೆ ಹೆಡ್‌ಫೋನ್ ಕೆಳಗಿಡಬೇಕು.

ಎಚ್-1ಬಿ ವೀಸಾದ ಮೇಲಿರುವವರಿಗೆ ಒಂದು ಮಾತು. ಮನೆಯಿಂದ ಕೆಲಸ ಮಾಡುವಾಗ ಕಾನೂನಿನ ಕಣ್ಣಿಗೆ ಮನೆಯೂ ಕೆಲಸದ ಜಾಗವೇ. ಕೆಲಸ ಅದೇ, ಕಂಪನಿ ಅದೇ ಎಂದುಕೊಂಡು ಡಾಲಸ್‌ನಿಂದ ಆಸ್ಟಿನ್‌ಗೆ ಮನೆ ಬದಲಿಸಿ ಅಲ್ಲಿಂದ ಕೆಲಸ ಮುಂದುವರಿಸುವಂತಿಲ್ಲ. ಕಂಪನಿ ಮೊದಲು ತಿದ್ದುಪಡಿ ಅರ್ಜಿ ಹಾಕಬೇಕು. ಲೀಸ್‌ಗೆ ಸಹಿ ಮಾಡುವ ಮೊದಲೇ ಎಚ್‌ಆರ್‌ಗೆ ತಿಳಿಸಿ.

ಐದೂ ದಿನ ಆಫೀಸೆಂದು ಆದೇಶ ಬಂದವರಿಗೆ ಆಯ್ಕೆಯೇ ಇಲ್ಲ, ನಿಜ. ಆದರೆ ಕಾರಿನಲ್ಲಿ ಕಳೆಯುವ ಗಂಟೆಗೂ ಒಂದು ಹೆಸರು ಕೊಡಬಹುದು. ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ ಎಂಟಾದಾಗ ಮೈಸೂರಿನಲ್ಲೋ ಧಾರವಾಡದಲ್ಲೋ ಸಂಜೆ ಆರೂವರೆ. ದೀಪ ಹಚ್ಚಿ ಕೂತಿರುವ ಹೊತ್ತು. ಹೊರಡುವ ಮುನ್ನ ನಂಬರ್ ಒತ್ತಿ, ಸ್ಪೀಕರ್‌ನಲ್ಲಿ ಹಾಕಿ ಮಾತಾಡುತ್ತ ಹೋಗಿ. ಸಂಜೆ ವಾಪಸು ಬರುವಾಗ ಮಾಡುತ್ತೇನೆಂದು ಮುಂದೂಡಬೇಡಿ, ಆಗ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ.