ನೆಲದಲ್ಲಿ ಹೂತ ಒರಳು

ಅಜ್ಜಿಯ ಮನೆ ಮಾರಾಟಕ್ಕೆ ಕರಾರಾಗಿ ಮುಂಗಡವೂ ಬಂದಿತ್ತು. ನೋಂದಣಿಗೆ ವಾರವಿರುವಾಗ ಚಿಕ್ಕಪ್ಪ ಹಾರೆ ತಂದರು. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲು ಬೇಕಂತೆ. ಕಪಾಟು, ಪಾತ್ರೆ ಸಾಗಿಸುವಾಗ ಯಾರಿಗೂ ಪ್ರಶ್ನೆ ಹುಟ್ಟಿರಲಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬೀಗ, ಕೀಲಿಕೈ, ಬಾಗಿಲು, ಕಿಟಕಿ, ಮನೆಯ ಕಾಯಂ ಬಳಕೆಗೆ ಒದಗಿಸಿದ್ದೆಲ್ಲ ಮನೆಯೊಂದಿಗೇ ಹೋಗುತ್ತದೆ. ಸ್ವಾಧೀನ ಕೊಡುವತನಕ ಅದನ್ನು ಜೋಪಾನ ಮಾಡುವುದು ಮಾರುವವರ ಹೊಣೆ.

"ಹೇಗೂ ಕೆಡವುತ್ತಾರಲ್ಲ" ಎಂದರು ಚಿಕ್ಕಪ್ಪ. ಕೆಡವುವ ಹಕ್ಕನ್ನೂ ಸೇರಿಸಿಯೇ ಅಲ್ಲವೇ ನಾವು ಮಾರಿದ್ದು? ಬೆಲೆ ಕುದುರಿಸುವಾಗ ಒರಳು ಯಾರ ನೆನಪಿಗೂ ಬಂದಿರಲಿಲ್ಲ, ನನ್ನ ನೆನಪಿಗೂ. ಈಗ ಅದು ಅಜ್ಜಿಯ ಒರಳು.

"ಅವರನ್ನು ಕೇಳೋಣ" ಎಂದೆ.

"ಕೇಳಿದರೆ ಇಲ್ಲ ಅಂದುಬಿಟ್ಟರೆ?"

ಹಾಗನ್ನುವ ಅಧಿಕಾರ ಅವರಿಗಿದೆ ಎಂದು ಚಿಕ್ಕಪ್ಪನೇ ಒಪ್ಪಿದಂತಾಯಿತು. ಕೊಂಡವರಿಗೆ ಫೋನ್ ಹಚ್ಚಿದೆ.